ಪುಟದ ಹಣೆಬರಹ

ನಮ್ಮ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಸಂಜೆಯ ಹೊತ್ತು ನಾನು ಜಗಲಿಯ ಮೇಲೆ ಕುಳಿತಿದ್ದರೆ ಯಾರಾದರೊಬ್ಬರು ಕಾಗದ ಹಿಡಿದುಕೊಂಡು ಬರುವುದು ವಾಡಿಕೆ. ಮೇಷ್ಟರ ಕೆಲಸದಿಂದ ನಿವೃತ್ತನಾದವನಿಗೆ ಇದು ತಪ್ಪಿದ್ದಲ್ಲ. ಒಬ್ಬರಿಗೆ ಲಗ್ನಪತ್ರಿಕೆಯ ಒಕ್ಕಣೆ ತಿದ್ದಬೇಕು. ಇನ್ನೊಬ್ಬರಿಗೆ ನಗರಪಾಲಿಕೆಗೆ ಅರ್ಜಿ ಬರೆಯಬೇಕು. ಆದರೆ ಈಚೆಗೆ ಎದುರುಮನೆಯ ತಾಯಿಯವರು ಬಂದದ್ದು ಬೇರೆಯೇ ಒಂದು ಕೆಲಸಕ್ಕೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿಗಳನ್ನು ಮಾಡಿ ಮಾರುವ ಸಂಸಾರ ಅವರದು. ಇಂಜಿನಿಯರಿಂಗ್ ಓದುತ್ತಿರುವ ಮಗ ಆ ವ್ಯಾಪಾರಕ್ಕೆ ಒಂದು ಜಾಲತಾಣವನ್ನು ಕಟ್ಟುತ್ತಿದ್ದಾನೆ. "ಮೇಷ್ಟ್ರೇ, ನೀವು ಎರಡು ಸಾಲು ಬರ್ಕೊಡ್ರಿ, ಚೆನ್ನಾಗಿರ್ಬೇಕು" ಎಂದರು ತಾಯಿ.

ಎರಡು ಸಾಲೆಂದರೆ ನಾನು ಇಪ್ಪತ್ತು ಸಾಲು ಬರೆದೆ. ಉತ್ತರದ ಬಿಳಿಜೋಳದ ಮಹಿಮೆ, ಬಯಲುಸೀಮೆಯ ಊಟದ ಸೊಗಸು ಎಲ್ಲವೂ ಅದರಲ್ಲಿ ಬಂದುವು. ಹುಡುಗ ಓದಿ ನಕ್ಕ. "ಸರ್, ಇದು ಪುಟದ ಮೇಲೆ ಕಾಣೋದೇ ಇಲ್ಲ. ಪುಟದ ಹೆಡ್ ಅಂತ ಇರುತ್ತೆ, ಅದರೊಳಗೆ ಇರುತ್ತೆ. ಓದೋದು ಗೂಗಲ್ಲಿನ ಯಂತ್ರ. ನೂರೈವತ್ತು ಅಕ್ಷರ ದಾಟಿದ್ರೆ ಕತ್ತರಿಸಿಬಿಡುತ್ತೆ." ತಲೆಯಲ್ಲಿ ಬರೆದಿರುವುದು, ಹೊತ್ತವರಿಗೆ ಕಾಣದಿರುವುದು, ಓದಬೇಕಾದವರಷ್ಟೇ ಓದುವುದು: "ಅಂದರೆ ಹಣೆಬರಹ ಅನ್ನು" ಎಂದೆ. ಹುಡುಗನಿಗೆ ಈ ಮಾತು ಹಿಡಿಸಿತು. ಅವನ ಶಾಸ್ತ್ರದಲ್ಲಿ ಅದಕ್ಕೆ ಮೆಟಾ ಟ್ಯಾಗು ಎಂದು ಹೆಸರಂತೆ.

ಅಷ್ಟರಲ್ಲಿ ತಾಯಿ ಮೆಲ್ಲನೆ, "ಅದ್ರಲ್ಲಿ ದಾವಣಗೆರೆ ಬೆಣ್ಣೆದೋಸೆ ಅಂತಾನೂ ಒಂದು ಮಾತು ಸೇರ್ಸಿಬಿಡ್ರಿ. ಜನ ಹುಡುಕೋದು ಅದನ್ನೇ ಅಲ್ವಾ" ಎಂದರು. ಅವರು ದೋಸೆ ಮಾಡುವುದೂ ಇಲ್ಲ, ಮಾರುವುದೂ ಇಲ್ಲ. ಹುಡುಗ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ. "ಮೊದಲು ಅದು ನಡೀತಿತ್ತಂತೆ, ಈಗ ನಡಿಯೋಲ್ಲಮ್ಮ" ಎಂದ. ಮೊದಲು ಏಕೆ ನಡೆಯುತ್ತಿತ್ತು, ಈಗ ಏಕೆ ನಡೆಯದು ಎಂದು ವಿಚಾರಿಸಹೊರಟ ನನಗೆ ಒಂದು ಸಣ್ಣ ಇತಿಹಾಸವೇ ಸಿಕ್ಕಿತು. ಅದರಲ್ಲಿ ನಮ್ಮ ಕನ್ನಡದ ಪಾಲೂ ಇದೆ. ಅದು ಅಷ್ಟು ಸಂತೋಷದ ಪಾಲಲ್ಲ.

ಮುಂದೆ ಬರುವುದೇನೆಂದು ಮೊದಲೇ ಚುಟುಕಾಗಿ ಹೇಳುವ ಪದ್ಧತಿ ನಮಗೆ ಹೊಸದಲ್ಲ. ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಗೊತ್ತಿದೆ: ಪ್ರತಿ ಸಂಧಿಯ ತಲೆಯಲ್ಲಿ 'ಸೂಚನೆ' ಎಂಬ ಅರ್ಧ ಪದ್ಯವೊಂದಿರುತ್ತದೆ. ಈ ಸಂಧಿಯಲ್ಲಿ ಯಾರು ಯಾರನ್ನು ಗೆದ್ದರು, ಯಾರು ಎಲ್ಲಿಗೆ ಹೋದರು ಎಂಬುದು ಅಷ್ಟರಲ್ಲೇ ತಿಳಿದುಹೋಗುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿಯೂ ಹೀಗೆಯೇ. ಓಲೆಗರಿಯ ಕಟ್ಟನ್ನು ಬಿಚ್ಚಿ ಬೇಕಾದ ಕಥೆಯನ್ನು ಹುಡುಕುವವನಿಗೆ ಸೂಚನೆಯೇ ದಾರಿದೀಪ. ಸೂಚನೆಯಲ್ಲಿ ಕರ್ಣನ ಮಾತನ್ನು ಹೇಳಿ ಒಳಗೆ ಕೀಚಕನ ಕಥೆಯನ್ನು ಕವಿ ಹೇಳುತ್ತಿರಲಿಲ್ಲ. ಹೇಳಿದ್ದರೆ ಕೇಳುವವರು ಎದುರಿಗೇ ಕುಳಿತಿದ್ದರಲ್ಲ!

ಹತ್ತಿರದ ಹರಿಹರವನ್ನೇ ತೆಗೆದುಕೊಳ್ಳಿ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ನಿಂತ ಶಾಸನಗಳನ್ನು ಸಾಮಾನ್ಯರು ಓದಲಾರರು. ಬಿ. ಎಲ್. ರೈಸ್ ಅವರು ೧೯೦೩ರಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ೧೧ನೆಯ ಸಂಪುಟವಾಗಿ ಹೊರತಂದಾಗ ಹರಿಹರದ ಕಲ್ಲುಗಳೆಲ್ಲ ದಾವಣಗೆರೆ ತಾಲ್ಲೂಕಿನ ಲೆಕ್ಕಕ್ಕೆ ಸೇರಿ ಒಂದೊಂದು ಅಂಕಿಯನ್ನು ಪಡೆದುವು. ಈ ಅಂಕಿಯೂ ಸ್ಥಳದ ಹೆಸರೂ ಕಾಲವೂ ಶಾಸನದ ಮಾತಲ್ಲ, ಶಾಸನವನ್ನು ಕುರಿತ ಮಾತು. ಆದರೂ ಆ ಮಾತಿಲ್ಲದಿದ್ದರೆ ಶಾಸನ ಇದ್ದೂ ಇಲ್ಲದಂತೆ.

ಗ್ರಂಥಭಂಡಾರಗಳಲ್ಲಿ ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಎಸ್. ಆರ್. ರಂಗನಾಥನ್ ಅವರು ಮದರಾಸಿನವರಾದರೂ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ೧೯೬೨ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವನ್ನು ಕಟ್ಟಿದವರು, ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ಓದುಗನ ಕಾಲವನ್ನು ಉಳಿಸಬೇಕೆಂಬುದು ೧೯೩೧ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲೊಂದು. ಗ್ರಂಥಭಂಡಾರದ ಚೀಟಿಯ ವಿಷಯದಲ್ಲಿ ಒಂದು ಮಾತನ್ನು ಮರೆಯಬಾರದು. ಅದನ್ನು ಬರೆಯುತ್ತಿದ್ದವನು ಗ್ರಂಥಪಾಲಕ, ಗ್ರಂಥಕರ್ತನಲ್ಲ. ತನ್ನ ಪುಸ್ತಕಕ್ಕೆ ಗ್ರಂಥಕರ್ತನೇ ಚೀಟಿ ಬರೆದಿದ್ದರೆ ಎಲ್ಲ ಕಾದಂಬರಿಗಳೂ 'ಮಹಾಕಾವ್ಯ' ಎಂಬ ಸೆಳೆಖಾನೆಯಲ್ಲಿಯೇ ಕೂಡುತ್ತಿದ್ದುವು.

ಜಾಲದ ಕಥೆಯಲ್ಲಿ ಸರಿಯಾಗಿ ಇದೇ ಆಯಿತು.

ಟಿಮ್ ಬರ್ನರ್ಸ್ ಲೀ ಎಂಬವರು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಗ ೧೯೮೯ರಲ್ಲಿ ಯೋಜಿಸಿ, ೧೯೯೧ರಲ್ಲಿ ಲೋಕಕ್ಕೆ ತೆರೆದಿಟ್ಟ ಜಾಲದಲ್ಲಿ ಮೊದಮೊದಲು ಪುಟಗಳು ಕೆಲವೇ. ನಾಲ್ಕೈದು ವರ್ಷಗಳಲ್ಲಿ ಅವು ಮಳೆಗಾಲದ ಅಣಬೆಯಂತೆ ಎದ್ದುವು. ಹುಡುಕುವುದೇ ಕಷ್ಟವಾಯಿತು. ಆಗ ಶೋಧಯಂತ್ರಗಳು ಬಂದುವು. ೧೯೯೫ರ ಡಿಸೆಂಬರಿನಲ್ಲಿ ಹೊರಬಿದ್ದ ಆಲ್ಟಾವಿಸ್ಟ ಅವುಗಳಲ್ಲಿ ಬಹು ಪ್ರಸಿದ್ಧವಾದುದು. ಅದೇ ವರ್ಷದ ನವೆಂಬರಿನಲ್ಲಿ ಪ್ರಕಟವಾದ ಎಚ್.ಟಿ.ಎಂ.ಎಲ್. ಭಾಷೆಯ ಎರಡನೆಯ ಆವೃತ್ತಿಯಲ್ಲಿ ಮೆಟಾ ಎಂಬ ಗುರುತಿಗೆ ಜಾಗ ಸಿಕ್ಕಿತು. ಅದೇ ವರ್ಷದ ಮಾರ್ಚಿಯಲ್ಲಿ ಗ್ರಂಥಾಲಯದವರೂ ಗಣಕದವರೂ ಡಬ್ಲಿನ್ನಿನಲ್ಲಿ ಕಲೆತು, ಕರ್ತೃ, ವಿಷಯ, ಕಾಲ, ಭಾಷೆ ಮುಂತಾಗಿ ಪುಟವೊಂದರ ವಿವರವನ್ನು ಹೇಗೆ ಬರೆಯಬೇಕೆಂದು ಗೊತ್ತುಪಡಿಸಿದರು. ಡಬ್ಲಿನ್ ಎಂದೊಡನೆ ಐರ್ಲೆಂಡಿಗೆ ಓಡಬೇಡಿ. ಇದು ಅಮೆರಿಕದ ಒಹಾಯೊ ಸಂಸ್ಥಾನದ ಒಂದು ಊರು.

ಈ ಗುರುತುಗಳ ಕೆಲಸವನ್ನು ಹುಡುಗ ನನಗೆ ತಿಳಿಸಿಕೊಟ್ಟ ರೀತಿಯಲ್ಲಿಯೇ ಹೇಳುತ್ತೇನೆ. ಪುಟಕ್ಕೆ ಒಂದು ಶೀರ್ಷಿಕೆಯಿದೆ. ಅದು ನಿಜಕ್ಕೂ ಮೆಟಾ ಗುರುತಲ್ಲ, ಆದರೆ ಅದೇ ತಲೆಯೊಳಗೆ ಇರುವ ಅಣ್ಣ. ಅದರ ಕೆಳಗೆ 'ವಿವರಣೆ' ಎಂಬ ಗುರುತು. ಇದೇ ನಾನು ಇಪ್ಪತ್ತು ಸಾಲು ಬರೆದು ಕೆಡಿಸಿದ್ದು. ಇನ್ನೊಂದು 'ರೋಬೋಟ್ಸ್' ಎಂಬುದು. ಈ ಪುಟವನ್ನು ನಿನ್ನ ಪಟ್ಟಿಗೆ ಸೇರಿಸಬೇಡ ಎಂದು ಯಂತ್ರಕ್ಕೆ ಹೇಳಲು ಬೇಕಾದದ್ದು. ಮತ್ತೊಂದು 'ಕೀವರ್ಡ್ಸ್', ಎಂದರೆ ಹುಡುಕುಪದಗಳು. ಈ ಪುಟ ಯಾವ ಯಾವ ಮಾತುಗಳಿಗೆ ಸಿಗಬೇಕು ಎಂದು ಪುಟದ ಒಡೆಯನೇ ಸಾಲಾಗಿ ಬರೆದಿಡುವ ಪಟ್ಟಿ.

ಈ ಪಟ್ಟಿಯಿಂದ ಒಂದು ಒಳ್ಳೆಯ ಉಪಯೋಗವಿತ್ತು. ನಮ್ಮ ಊರಿನ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ಬರೆಯುವಾಗ ಜಿಲ್ಲೆಯವರು ಒಂದು 'ಎ' ಅಕ್ಷರವನ್ನು ಹೆಚ್ಚಾಗಿ ಸೇರಿಸಿ ದಾವಣಗೆರೆ ಮಾಡುತ್ತಾರೆ. ವಿಶ್ವವಿದ್ಯಾನಿಲಯದವರೂ ರೈಲ್ವೆಯವರೂ ಆ 'ಎ'ಯನ್ನು ಬಿಟ್ಟು ದಾವಣ್‌ಗೆರೆ ಮಾಡುತ್ತಾರೆ. ದೋಸೆಯನ್ನಾದರೂ ದೋಸೆ, ದೋಸ, ದೋಸೈ ಎಂದು ಮೂರು ಬಗೆಯಾಗಿ ಜನ ಬರೆಯುತ್ತಾರೆ. ೨೦೧೪ರ ನವೆಂಬರ್ ೧ರಂದು ನಮ್ಮ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷು ಕಾಗುಣಿತ ಬದಲಾದಾಗ ಶಿಮೋಗ ಶಿವಮೊಗ್ಗವಾಯಿತು, ಹುಬ್ಲಿ ಹುಬ್ಬಳ್ಳಿಯಾಯಿತು. ಹುಡುಕುವವರ ಬೆರಳು ಮಾತ್ರ ಹಳೆಯದನ್ನೇ ಒತ್ತುತ್ತಿತ್ತು. ಇಂಥ ಎಲ್ಲ ರೂಪಗಳನ್ನೂ ಪುಟದ ಮೇಲೆ ಬರೆದರೆ ಅಸಹ್ಯ. ಪಟ್ಟಿಯಲ್ಲಿ ಬರೆದಿಟ್ಟರೆ ಯಾರಿಗೂ ತೊಂದರೆಯಿಲ್ಲ. ಪಟ್ಟಿಯನ್ನು ಕಲ್ಪಿಸಿದವರ ಮನಸ್ಸಿನಲ್ಲಿದ್ದುದು ಇಂಥದೇ ಸದುದ್ದೇಶ.

ಆದರೆ ಯಾರಿಗೂ ಕಾಣದ ಜಾಗದಲ್ಲಿ ಬರೆಯುವ ಮಾತಿಗೆ ಸಾಕ್ಷಿಯೂ ಇಲ್ಲ, ನಾಚಿಕೆಯೂ ಇಲ್ಲ. ಔಷಧ ಮಾರುವವರು ಸಿನಿಮಾ ನಟಿಯರ ಹೆಸರನ್ನು ಬರೆದರು. ಒಂದೇ ಮಾತನ್ನು ನೂರು ಸಲ ಬರೆದು ಯಂತ್ರದ ಕಣ್ಣಿಗೆ ಮಣ್ಣೆರಚಿದರು. ಎದುರು ಅಂಗಡಿಯವನ ಹೆಸರನ್ನೇ ತಮ್ಮ ಪಟ್ಟಿಯಲ್ಲಿ ಬರೆದುಕೊಂಡವರೂ ಉಂಟು. ಅಮೆರಿಕದಲ್ಲಿ ಇದು ನ್ಯಾಯಾಲಯಗಳಿಗೂ ಹೋಯಿತು. ೧೯೯೯ರಲ್ಲಿ ಬ್ರುಕ್‌ಫೀಲ್ಡ್ ಎಂಬ ಕಂಪನಿಗೂ ವೆಸ್ಟ್ ಕೋಸ್ಟ್ ಎಂಬ ವಿಡಿಯೋ ಅಂಗಡಿಯವರಿಗೂ ನಡೆದ ವ್ಯಾಜ್ಯದಲ್ಲಿ ಅಲ್ಲಿಯ ಅಪೀಲು ನ್ಯಾಯಾಲಯ ಒಂದು ಹೋಲಿಕೆ ಕೊಟ್ಟಿತು: ಹೆದ್ದಾರಿಯಲ್ಲಿ ಪ್ರತಿಸ್ಪರ್ಧಿಯ ಹೆಸರಿನ ಫಲಕವನ್ನು ನೆಟ್ಟು, ಗಿರಾಕಿಗಳನ್ನು ಬೇರೆ ತಿರುವಿನಲ್ಲಿ ಇಳಿಸಿ, ತನ್ನ ಅಂಗಡಿಗೆ ಬರಮಾಡಿಕೊಂಡಂತೆ ಇದು ಎಂದು. ಇಳಿದವನು, ಬಂದದ್ದಾಯಿತು, ಇಲ್ಲಿಯೇ ಕೊಂಡುಕೊಳ್ಳೋಣ ಎನ್ನುತ್ತಾನಲ್ಲವೆ? ನಮ್ಮಲ್ಲಿ ೨೦೧೪ರಲ್ಲಿ ಬೊಂಬಾಯಿಯ ಹೈಕೋರ್ಟಿಗೆ ಇಂಥದೇ ಒಂದು ಮೊಕದ್ದಮೆ ಬಂದಿತ್ತು. ಹೆಸರಾದ ವಧೂವರ ಅನ್ವೇಷಣೆಯ ತಾಣವೊಂದರ ಹೆಸರನ್ನು ಇನ್ನೊಬ್ಬ ತನ್ನ ಪುಟದ ಮೆಟಾ ಗುರುತುಗಳಲ್ಲಿ ಅಡಗಿಸಿಟ್ಟಿದ್ದ. ನ್ಯಾಯಾಲಯ ಅದನ್ನು ತಡೆಯಿತು.

ಫಲಕದ ಹೋಲಿಕೆ ನಮ್ಮ ಊರಿನವರಿಗೆ ಹೇಳಿಕೊಡಬೇಕಾದ್ದಿಲ್ಲ. ಬೆಂಗಳೂರಿನ ಯಾವ ಬೀದಿಗೆ ಹೋದರೂ 'ದಾವಣಗೆರೆ ಬೆಣ್ಣೆದೋಸೆ' ಎಂಬ ಫಲಕ ಕಾಣುತ್ತದೆ. ಒಳಗೆ ಕಾವಲಿಯ ಮುಂದೆ ನಿಂತವರಲ್ಲಿ ಎಷ್ಟು ಜನ ದಾವಣಗೆರೆಯನ್ನು ಕಂಡವರೋ ನಾನು ಕೇಳಲು ಹೋಗಿಲ್ಲ. ಕೆಲವು ಕಡೆ ದೋಸೆ ನಿಜವಾಗಿಯೂ ಚೆನ್ನಾಗಿರುತ್ತದೆ. ಕೆಲವು ಕಡೆ ಬೆಣ್ಣೆ ಫಲಕದ ಮೇಲೆ ಮಾತ್ರ.

ಶೋಧಯಂತ್ರಗಳು ಮೋಸಹೋಗಿ ಹೋಗಿ ಬುದ್ಧಿ ಕಲಿತುವು. ಲ್ಯಾರಿ ಪೇಜ್, ಸರ್ಗೆ ಬ್ರಿನ್ ಎಂಬ ಇಬ್ಬರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ೧೯೯೮ರಲ್ಲಿ ತಮ್ಮ ಗೂಗಲನ್ನು ವಿವರಿಸಿ ಬರೆದ ಪ್ರಬಂಧದಲ್ಲಿ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಓದುಗನಿಗೆ ಕಾಣದಂತೆ ಪುಟದಲ್ಲಿಟ್ಟ ಬರಹವೆಲ್ಲ ಯಂತ್ರವನ್ನು ಮೋಸಗೊಳಿಸಲು ಬಳಕೆಯಾಗುತ್ತಿದೆ, ಆದ್ದರಿಂದ ಈ ಪ್ರಯತ್ನ ಬಹುಮಟ್ಟಿಗೆ ವಿಫಲವಾಯಿತು ಎಂಬುದು ಅವರ ಅಭಿಪ್ರಾಯ. ಅವರು ಬೇರೆ ದಾರಿ ಹಿಡಿದರು. ಪುಟ ತನ್ನನ್ನು ತಾನು ಏನೆಂದುಕೊಳ್ಳುತ್ತದೆ ಎಂಬುದಕ್ಕಿಂತ, ಬೇರೆ ಪುಟಗಳು ಎಷ್ಟು ಸಲ, ಎಂಥ ಮಾತಿನಿಂದ ಅದರ ಕಡೆಗೆ ಬೆರಳು ತೋರಿಸುತ್ತವೆ ಎಂಬುದನ್ನು ಲೆಕ್ಕ ಹಾಕಿದರು. ವರನ ಗುಣವನ್ನು ವರನ ತಾಯಿಯಿಂದ ಕೇಳದೆ ಊರವರಿಂದ ಕೇಳಿ ತಿಳಿದಂತೆ. ಊರವರನ್ನೂ ಕೊಂಡುಕೊಳ್ಳಬಹುದೆಂದು ಜನ ಬೇಗನೆ ಕಂಡುಹಿಡಿದರು, ಅದು ಬೇರೆ ಮಾತು.

ಹತ್ತಿಯ ವ್ಯಾಪಾರದಲ್ಲಿ ಬೆಳೆದ ನಮ್ಮ ಊರಿನವರಿಗೆ ಇದು ಇನ್ನೊಂದು ಬಗೆಯಿಂದಲೂ ತಿಳಿಯುತ್ತದೆ. ಅರಳೆಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವುದು, ಒಳ್ಳೆಯ ಜಾತಿಯೊಡನೆ ಕೀಳು ಜಾತಿಯನ್ನು ಬೆರೆಸುವುದು ಹಿಂದಿನಿಂದ ಬಂದ ಪಿಡುಗು. ಅದಕ್ಕಾಗಿ ಬ್ರಿಟಿಷ್ ಇಂಡಿಯಾದಲ್ಲಿ ೧೯೨೫ರಲ್ಲಿ ಆದ ಕಾಯಿದೆಯಂತೆ, ಪ್ರತಿ ಅಂಡಿಗೆಯ ಮೇಲೂ ಅದನ್ನು ಒತ್ತಿದ ಕಾರ್ಖಾನೆಗೆ ಸರ್ಕಾರ ಗೊತ್ತುಮಾಡಿಕೊಟ್ಟ ಗುರುತೂ ಕ್ರಮಸಂಖ್ಯೆಯೂ ಇರಬೇಕಾಯಿತು. ಒಳಗಿನ ಮಾಲು ಉತ್ತಮವೆಂದು ಆ ಗುರುತು ಹೇಳುತ್ತಿರಲಿಲ್ಲ. ಕೆಟ್ಟಿದ್ದರೆ ಯಾರ ಬಾಗಿಲಿಗೆ ಹೋಗಬೇಕೆಂದು ಮಾತ್ರ ಹೇಳುತ್ತಿತ್ತು. ಹುಡುಕುಪದಗಳ ಪಟ್ಟಿಗೆ ಇಂಥ ಬಾಗಿಲೇ ಇರಲಿಲ್ಲ.

೨೦೦೨ರ ಹೊತ್ತಿಗೆ ಆ ಪಟ್ಟಿಯನ್ನು ಮನ್ನಿಸುವ ದೊಡ್ಡ ಯಂತ್ರಗಳು ವಿರಳವಾಗಿದ್ದುವು. ೨೦೦೯ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿ, ಪುಟಗಳಿಗೆ ಮೇಲುಕೆಳಗಿನ ಸ್ಥಾನ ಕೊಡುವಾಗ ತಾನು ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲವೆಂದು ಬಹಿರಂಗವಾಗಿಯೇ ಸಾರಿತು. ಹಾಗಿದ್ದರೂ ಇಂದಿಗೂ ಎಷ್ಟೋ ಪುಟಗಳ ತಲೆಯಲ್ಲಿ ಆ ಪಟ್ಟಿಯನ್ನು ಬರೆಯುತ್ತಾರೆ. ತಿಥಿಯ ದಿನ ಕಾಗೆ ಬಾರದಿದ್ದರೂ ಪಿಂಡ ಇಟ್ಟಂತೆ. ವಿವರಣೆಯ ಗುರುತು ಮಾತ್ರ ಬದುಕಿಕೊಂಡಿತು. ಅದು ಪುಟವನ್ನು ಮೇಲಕ್ಕೆ ಎತ್ತುವುದಿಲ್ಲ. ಹುಡುಕಿದವರ ಕಣ್ಣಿಗೆ ಶೀರ್ಷಿಕೆಯ ಕೆಳಗೆ ಎರಡು ಸಾಲಾಗಿ ಕಾಣುತ್ತದೆ, ಒಳಗೆ ಬರಲೋ ಬೇಡವೋ ಎಂದು ತೀರ್ಮಾನಿಸಲು ಬೇಕಾಗುತ್ತದೆ. ೨೦೧೦ರಲ್ಲಿ ಫೇಸ್‌ಬುಕ್ಕಿನವರು ಹೊರತಂದ ಇನ್ನೊಂದು ಜಾತಿಯ ಗುರುತುಗಳಿವೆ. ಭಾವನವರು ವಾಟ್ಸಾಪಿನಲ್ಲಿ ಕೊಂಡಿ ಕಳಿಸಿದಾಗ ಚಿತ್ರವೂ ಶೀರ್ಷಿಕೆಯೂ ಮೂಡುವುದು ಅವುಗಳಿಂದ.

ಇಷ್ಟು ಲೋಕದ ಕಥೆ. ಇನ್ನು ಕನ್ನಡದ್ದು.

ಜಾಲದಲ್ಲಿ ಕನ್ನಡ ತಡವಾಗಿ ಬಂದಿತೆಂದು ಹೇಳುವಂತಿಲ್ಲ. ಯು. ಬಿ. ಪವನಜರ 'ವಿಶ್ವಕನ್ನಡ' ಪತ್ರಿಕೆ ೧೯೯೬ರಲ್ಲೇ ಅಲ್ಲಿ ಪ್ರಕಟವಾಯಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವರೆಲ್ಲ ಮಾಡಿದ ಉಪಕಾರವನ್ನು ಮರೆಯಲಾಗದು. ಆದರೆ ಅಂದಿನ ಗಣಕಗಳ ಇಕ್ಕಟ್ಟಿನಲ್ಲಿ ಅವರು ಹಿಡಿಯಬೇಕಾಗಿ ಬಂದ ಉಪಾಯದಲ್ಲಿ ಒಂದು ತೊಡಕಿತ್ತು. ಗಣಕದ ಒಳಗಿದ್ದುದು ಇಂಗ್ಲಿಷು ಮತ್ತು ಯೂರೋಪಿನ ಅಕ್ಷರಗಳೇ. ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತಿದ್ದುದು ಫಾಂಟು. ನುಡಿಯ ಅಕ್ಷರದಲ್ಲಿ 'ಕನ್ನಡ' ಎಂದು ಬರೆದರೆ ಯಂತ್ರದ ಪಾಲಿಗೆ ಅದು ದೊಡ್ಡ 'ಪಿ', ನೆತ್ತಿಯ ಮೇಲೆ ಗೀರುಳ್ಳ 'ಎ', ಇಂಗ್ಲೆಂಡಿನ ಪೌಂಡಿನ ಗುರುತು, ಮತ್ತೆ ಗೀರಿನ 'ಎ', ಜರ್ಮನರ ಜೋಡಿ 'ಎಸ್', ಚಿಕ್ಕ 'ಕ್ಯು', ಕೊನೆಗೊಮ್ಮೆ ಅದೇ 'ಎ'. ನಮ್ಮ ನುಡಿಯ ಹೆಸರಿನ ನಡುವೆ ಪೌಂಡಿನ ಗುರುತು! ಓದುವವನ ಗಣಕದಲ್ಲಿ ಅದೇ ಫಾಂಟಿದ್ದರೆ ಕನ್ನಡ. ಇಲ್ಲದಿದ್ದರೆ ಇರುವೆ ಹರಿದಾಡಿದ ಹಾಗೆ.

ಮೆಟಾ ಗುರುತುಗಳಲ್ಲಿ ಅಕ್ಷರದ ಜಾತಿಯನ್ನು ಹೇಳುವುದೂ ಒಂದಿದೆ. ಅಂದಿನ ಎಷ್ಟೋ ಕನ್ನಡ ಪುಟಗಳು ಆ ಗುರುತಿನಲ್ಲಿ ತಮ್ಮದು ಪಶ್ಚಿಮ ಯೂರೋಪಿನ ಲಿಪಿಯೆಂದು ಹೇಳಿಕೊಂಡುವು. ಬೇರೆಯವರು ಲಾಭಕ್ಕಾಗಿ ಸುಳ್ಳು ಬರೆದರೆ ನಾವು ವಿಧಿಯಿಲ್ಲದೆ ಬರೆದೆವು. ಯಂತ್ರ ನಂಬಿತು. ಆದಕಾರಣ ಪುಟದ ಒಡಲಿನಲ್ಲಿದ್ದ ಕನ್ನಡವೆಲ್ಲ ಶೋಧಯಂತ್ರದ ಪಾಲಿಗೆ ಗೊಂದಲವಾಗಿ, ಪುಟವೇನೆಂದು ತಿಳಿಯಲು ಉಳಿದದ್ದು ತಲೆಯೊಳಗೆ ಇಂಗ್ಲಿಷಿನಲ್ಲಿ ಬರೆದ ಶೀರ್ಷಿಕೆ, ವಿವರಣೆಗಳಷ್ಟೆ. ಇಂಗ್ಲಿಷಿನವನಿಗೆ ಹಣೆಬರಹ ಹೆಚ್ಚಿನ ಅನುಕೂಲ. ನಮಗಾದರೋ ಅದೇ ಬದುಕು.

ಇದನ್ನು ನಾನು ಕಂಡು ಹೇಳುತ್ತಿದ್ದೇನೆ. ೨೦೦೪ರಲ್ಲಿ ಪೋಲಾಳ್ವನನ್ನೂ ಹರಿಹರದ ದೇವಾಲಯವನ್ನೂ ಕುರಿತು ಒಂದು ಲೇಖನ ಬರೆದಿದ್ದೆ. ಹೊರದೇಶದಲ್ಲಿದ್ದ ಕನ್ನಡಿಗರ ಗುಂಪೊಂದು ತಮ್ಮ ತಾಣದಲ್ಲಿ ಅದನ್ನು ಹಾಕಿಕೊಂಡಿತು. ಅದೇ ಕಂತಿನಲ್ಲಿ ನನ್ನ ಸ್ನೇಹಿತರೊಬ್ಬರು ತುಂಗಭದ್ರೆಯ ದಡದ ಹಳೆಯ ಸ್ನಾನಘಟ್ಟಗಳ ಮೇಲೆ ಬರೆದಿದ್ದರು. ನನ್ನದಕ್ಕಿಂತ ಎಷ್ಟೋ ಮೇಲಾದ ಬರಹ. ಅವರು ತೀರಿಕೊಂಡ ಮೇಲೆ ಆ ಎರಡನ್ನೂ ಹುಡುಕಬೇಕೆಂದು ಕುಳಿತೆ. ಕನ್ನಡದಲ್ಲಿ ಏನು ಬರೆದು ಹುಡುಕಿದರೂ ಒಂದೂ ಇಲ್ಲ. ಕೊನೆಗೆ ಎದುರುಮನೆಯ ಈ ಹುಡುಗನೇ, ಆಗಿನ್ನೂ ಹೈಸ್ಕೂಲಿನವನು, ಇಂಗ್ಲಿಷಿನಲ್ಲಿ ಹರಿಹರ, ಪೋಲಾಳ್ವ ಎಂಬ ಎರಡು ಮಾತು ಒತ್ತಿದ. ನನ್ನ ಲೇಖನ ಸಿಕ್ಕಿಬಿಟ್ಟಿತು. ಪುಟ ಕಟ್ಟಿದ ಪುಣ್ಯಾತ್ಮರು ಅದರ ವಿವರಣೆಯಲ್ಲಿ ಆ ಎರಡು ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ತೆರೆದರೆ ಪೌಂಡುಗಳೂ ಗೀರುಗಳೂ. ಪರಿವರ್ತಕದಲ್ಲಿ ಹಾಕಿದ ಮೇಲೆ ನನ್ನ ವಾಕ್ಯಗಳು ಹಿಂದಿರುಗಿದುವು; ಕೆಲವು ಒತ್ತಕ್ಷರಗಳು ಮಾತ್ರ ಸ್ಥಾನಪಲ್ಲಟವಾಗಿದ್ದುವು.

ಸ್ನೇಹಿತರ ಲೇಖನ ಸಿಕ್ಕಲಿಲ್ಲ. ನನ್ನ ಪುಟದ ಅಡಿಯ ಕೊಂಡಿ ಹಿಡಿದು ಹೋದಾಗ ಕಾರಣ ತಿಳಿಯಿತು. ಅವರ ಪುಟದ ಶೀರ್ಷಿಕೆಯ ಜಾಗದಲ್ಲಿ, ಪುಟ ಕಟ್ಟುವ ಸಾಧನ ತಾನಾಗಿಯೇ ಹಾಕುವ, 'ಹೆಸರಿಡದ ಕಡತ' ಎಂಬರ್ಥದ ಇಂಗ್ಲಿಷು ಮಾತುಗಳು ಹಾಗೆಯೇ ಉಳಿದಿದ್ದುವು. ವಿವರಣೆಯೇ ಇಲ್ಲ. ಅವಸರದ ಕೆಲಸವಿರಬೇಕು; ನಾನು ಯಾರನ್ನೂ ದೂರುವುದಿಲ್ಲ. ಅದೃಷ್ಟಕ್ಕೆ ಬರಹ ಅಲ್ಲಿಯೇ ಇತ್ತು, ಉಳಿಸಿಕೊಂಡೆವು. ಮುಂದೆ ಎರಡು ವರ್ಷಕ್ಕೆ ಆ ತಾಣವೇ ಮುಚ್ಚಿಹೋಯಿತು.

ಯೂನಿಕೋಡಿನ ೧೯೯೧ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗವಿತ್ತು. ಅದು ಮನೆಮನೆಯ ಗಣಕಕ್ಕೆ ಇಳಿಯಲು ಹತ್ತು ವರ್ಷ ಹಿಡಿಯಿತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ಒಂದು ಕನ್ನಡ ಅಕ್ಷರವೂ ಬಂತು. ಅದರ ಹೆಸರು, ಹರಿಹರದವರು ಕೇಳಿದರೆ ಸಂತೋಷಪಡುತ್ತಾರೆ, 'ತುಂಗಾ'. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ಪತ್ರಿಕೆಗಳ ತಾಣಗಳು ಒಂದೊಂದಾಗಿ ಹಳೆಯ ವೇಷ ಕಳಚಿದುವು. ಇಂದು ಕನ್ನಡದಲ್ಲಿ ಬರೆದು ಹುಡುಕಿದರೆ ಕನ್ನಡವೇ ಸಿಗುತ್ತದೆ. ಆದರೂ ಅನೇಕ ಕನ್ನಡ ಪುಟಗಳ ತಲೆಯನ್ನು ಹುಡುಗ ನನಗೆ ತೆರೆದು ತೋರಿಸಿದಾಗ ಒಡಲೆಲ್ಲ ಕನ್ನಡ, ಹಣೆಯ ಮೇಲೆ ಇಂಗ್ಲಿಷು. ಅಂದು ವಿಧಿಯಿಲ್ಲದೆ ಹಿಡಿದದ್ದು ಈಗ ಅಭ್ಯಾಸವಾಗಿದೆ. ಒಂದೆರಡು ಕಡೆ ಇಡೀ ತಾಣದ ಪುಟಗಳಿಗೆಲ್ಲ ಒಂದೇ ವಿವರಣೆ, ಒಂದೇ ಮನೆಯ ಮಕ್ಕಳಿಗೆಲ್ಲ ಒಂದೇ ಥಾನಿನ ಅಂಗಿ ಹೊಲಿಸಿದಂತೆ.

ಎದುರುಮನೆಯ ತಾಯಿಗೆ ನಾನು ಕೊನೆಗೆ ಬರೆದುಕೊಟ್ಟದ್ದು ಇಷ್ಟು: 'ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ಖಡಕ್ ಜೋಳದ ರೊಟ್ಟಿ, ಶೇಂಗಾ ಮತ್ತು ಅಗಸೆ ಚಟ್ನಿಪುಡಿ. ಮನೆಯಲ್ಲೇ ತಯಾರಿಸಿದ್ದು. ಊರೂರಿಗೆ ಕಳಿಸಿಕೊಡುತ್ತೇವೆ.' ಹುಡುಗ ಅಕ್ಷರ ಎಣಿಸಿ ಸರಿಯೆಂದ. ಬೆಣ್ಣೆದೋಸೆ ಇಲ್ಲದ್ದಕ್ಕೆ ತಾಯಿ ಏನೆನ್ನುತ್ತಾರೋ ಎಂದು ನೋಡಿದೆ. ಅವರು ಅದನ್ನು ಎತ್ತಲೇ ಇಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಮನೆಯಲ್ಲೇ ಅನ್ನೋದು ತೆಗೀರಿ ಮೇಷ್ಟ್ರೇ. ರೊಟ್ಟಿ ಈಗ ವಿನೋಬನಗರದಾಗೆ ಬಾಡಿಗೆ ಕೋಣೇಲಿ ಆಗ್ತೈತಿ, ಮೂರು ಜನ ಹೆಣ್ಮಕ್ಳು ಬಡೀತಾರೆ. ಪುಡಿ ಮಾತ್ರ ಮನೇದು" ಎಂದರು. 'ಚಟ್ನಿಪುಡಿ ಮನೆಯಲ್ಲೇ ತಯಾರಿಸಿದ್ದು' ಎಂದು ತಿದ್ದಿದೆ.

ಹೋದ ವಾರ ಹುಡುಗ ಮೊಬೈಲು ಹಿಡಿದುಕೊಂಡು ಬಂದ. ಪುಟ ಗೂಗಲಿನಲ್ಲಿ ಬಂದಿತ್ತು. ಆದರೆ ಶೀರ್ಷಿಕೆಯ ಕೆಳಗೆ ನನ್ನ ಎರಡು ಸಾಲು ಇರಲಿಲ್ಲ. ತನಗೆ ಸರಿಕಂಡಾಗ ಒಡೆಯನ ವಿವರಣೆಯನ್ನು ಬಿಟ್ಟು ಪುಟದೊಳಗಿನ ಬೇರೆ ಸಾಲನ್ನು ಆರಿಸಿಕೊಳ್ಳುವ ಅಧಿಕಾರ ಆ ಯಂತ್ರಕ್ಕೆ ಇದೆಯಂತೆ. ಅದು ಆರಿಸಿಕೊಂಡಿದ್ದ ಸಾಲು ಹೀಗಿತ್ತು: 'ಸೋಮವಾರ ರಜೆ. ಅಗಸೆ ಪುಡಿಗೆ ಎರಡು ದಿನ ಮೊದಲು ತಿಳಿಸಬೇಕು.'